ಎರಡನೇ ಕೂ

ದೀಪ ಸಣ್ಣ ಮಾಡಿ... ಹ್ಞಾಂ, ಸಾಕು. ಮೊದಲೇ ಹೇಳಿಬಿಡುತ್ತೇನೆ. ಮಧ್ಯೆ ಯಾರೂ "ಹೌದಾ?", "ಸುಳ್ಳಲ್ವಾ?" ಅಂತ ಬಾಯಿ ಹಾಕಬಾರದು. ಹಾಕಿದರೆ ಎದ್ದು ಮಲಗಲು ಹೋಗುತ್ತೇನೆ. ದೆವ್ವ, ಭೂತ ಅಂದರೆ ನಗುವವಳು ನಾನು, ನಿಮಗೆ ಗೊತ್ತು. ಆದರೆ ಇದು ನಮ್ಮ ಚಿಕ್ಕಪ್ಪನ ಮಗಳು ಅನುಶ್ರೀಗೆ ಆಗಿದ್ದು. ಆಗ ನಾನು ಅವರ ಮನೆಯಲ್ಲೇ ಇದ್ದೆ.

ಆಗಷ್ಟೇ ಕತ್ತಲಾಗಿತ್ತು. ಅನುಶ್ರೀ, ದರ್ಶನ ಇಬ್ಬರೂ ಬ್ಯಾಣದಿಂದ ಮನೆಗೆ ಇಳಿದು ಬರುತ್ತಿದ್ದರು. ಹೆಗ್ಗರಣೆ ಕಡೆ ಅವರ ಮನೆಯ ಮೇಲಕ್ಕೆ ಹುಲ್ಲು ಬೆಳೆಯುವ ಜಾಗ ಇದೆಯಲ್ಲ, ಅದೇ ಬ್ಯಾಣ. ಹುಲ್ಲು ಮುಗಿದಲ್ಲಿ ಕಾಡು. ಇಳಿಯುವ ದಾರಿಯಲ್ಲಿ ಒಂದು ಹಾಳುಬಾವಿ ಸಿಗುತ್ತದೆ. ಬಾವಿಯ ಹತ್ತಿರ ಬರುತ್ತಿದ್ದಂತೆ ಅನುಶ್ರೀ ಗಕ್ಕನೆ ನಿಂತಳು.

"ಎಂತ ಆತು?" ದರ್ಶನ ಪಿಸುಗುಟ್ಟಿದ.

"ಕೇಳ್ಚಾ?"

"ಎಂತದು?"

"ಕೂ..." ಅಂದಳು.

ಸ್ವಲ್ಪ ತಡೆಯಿರಿ. ಅವರು ಅಲ್ಲಿಗೆ ಯಾಕೆ ಹೋಗಿದ್ದರು ಅಂತ ಹೇಳದಿದ್ದರೆ ನಿಮಗೆ ತಲೆಬುಡ ತಿಳಿಯುವುದಿಲ್ಲ.

ಅನುಶ್ರೀಗೆ ಒಬ್ಬ ತಮ್ಮ ಇದ್ದ, ಚಿರಂತನ. ಆ ಬ್ಯಾಣದಲ್ಲಿ ಟೆಂಟು ಹಾಕಿ ಪೇಟೆಯವರನ್ನು ತಂದು ಉಳಿಸಬೇಕು ಅನ್ನುವುದು ಅವನ ಹುಚ್ಚು. ಗ್ಲ್ಯಾಂಪಿಂಗ್ ಅಂತೆ. ಟೆಂಟಿನೊಳಗೆ ಮಂಚ, ಹಾಸಿಗೆ, ಹೊರಗೆ ಬೆಂಕಿ, ಹುಲ್ಲಿನ ಮೇಲೆ ಕೂತು ತೊಡೆದೇವು ಮೆಲ್ಲುವುದು. "ಅಲ್ಲಿ ನಮ್ಮ ದನ ಪುಕ್ಕಟೆ ಮಲಗ್ತಲ್ಲೋ, ಬುಕಿಂಗ್ ಮಾಡಿ ಯಾರು ಬತ್ತ?" ಅಂತ ನಾನು ಅವನನ್ನು ಗೋಳು ಹೊಯ್ದುಕೊಳ್ಳುತ್ತಿದ್ದೆ. ಅವನು ನಗುತ್ತಿದ್ದ. ದರ್ಶನ ಅವನ ಗೆಳೆಯ, ಈ ಕೆಲಸದಲ್ಲಿ ಜೊತೆಗಾರ.

ಬಂದವರನ್ನು ಕಾಡಿನಲ್ಲಿ ಸುತ್ತಿಸಲು ಒಂದು ಕಾಲುದಾರಿ ನೋಡಿ ಬರುತ್ತೇನೆ ಅಂತ ಚಿರಂತನ ಒಂದು ಮಧ್ಯಾಹ್ನ ಒಬ್ಬನೇ ಹೋದ. ಬಂಡೆಯ ಮೇಲೆ ಜಾರಿ ಬಿದ್ದು ಕಾಲು ಮುರಿಯಿತು. ಸಿಕ್ಕಿದ್ದು ಮರುದಿನ ಬೆಳಿಗ್ಗೆ... ರಾತ್ರಿಯಿಡೀ ಆ ಚಳಿಯಲ್ಲಿ, ಬರಿ ನೆಲದ ಮೇಲೆ ಬಿದ್ದಿದ್ದ. ಬೆಳಗಿನ ಜಾವದವರೆಗೂ ಜೀವ ಇತ್ತು ಅಂದರು ಡಾಕ್ಟರು. ಮನೆಯಿಂದ ಕೂಗಳತೆ ದೂರ ಅಷ್ಟೇ.

ನಮ್ಮಲ್ಲಿ ಕಾಡಿಗೆ ಹೋದವರು ಕೂ ಹಾಕುತ್ತಾರೆ, ಮನೆಯವರು ತಿರುಗಿ ಕೂ ಹಾಕುತ್ತಾರೆ. ಇಲ್ಲಿದ್ದೇನೆ, ಕೇಳಿತು, ಅಷ್ಟೇ ಅದರ ಅರ್ಥ. ಆದರೆ ಕತ್ತಲಾದ ಮೇಲೆ ಒಂದು ಕಟ್ಟಳೆ ಇದೆ. ಕಾಡಿನಿಂದ ಒಂದು ಕೂ ಬಂದರೆ ಓಗೊಡಬಾರದು. ಕಾಯಬೇಕು. ಮನುಷ್ಯರಾದರೆ ಉತ್ತರ ಸಿಗದಿದ್ದಾಗ ಇನ್ನೊಮ್ಮೆ ಹಾಕುತ್ತಾರೆ. ಅದಾದರೆ... ಒಂದೇ ಸಲ. ಓಗೊಟ್ಟರೆ ಬೆನ್ನು ಹತ್ತಿ ಬರುತ್ತದೆ. ಇದನ್ನು ನಮಗೆ ಉಣ್ಣುವುದನ್ನು ಕಲಿಸುವಾಗಲೇ ಕಲಿಸಿಬಿಟ್ಟಿರುತ್ತಾರೆ.

ಆ ರಾತ್ರಿ ಅಂಗಳದಲ್ಲಿ ಅಡಿಕೆ ಸುಲಿಯುವ ಮಷಿನ್ ಗರಗರ ಅಂತ ಓಡುತ್ತಿತ್ತು, ಪಕ್ಕದವರ ಮಾತೂ ಕೇಳದ ಹಾಗೆ. ಮುಂದೆ ಕೂತವಳು ಅನುಶ್ರೀ. ಚಿರಂತನ ದರ್ಶನನ ಮನೆಯಲ್ಲಿ ಉಳಿದಿದ್ದಾನೆ ಅಂತಲೇ ಎಲ್ಲರೂ ತಿಳಿದಿದ್ದರು. ಮಷಿನ್ ನಿಲ್ಲಿಸಿ ಕೈಕಾಲು ತೊಳೆಯುವಾಗ ಅವಳಿಗೆ ಮೇಲಿನಿಂದ ಒಂದು ಕೂ ಕೇಳಿತು. ಎರಡನೆಯದಕ್ಕೆ ಕಾದಳು. ಬರಲಿಲ್ಲ. ಕಲಿಸಿದ ಹಾಗೆಯೇ ಮಾಡಿದಳು... ಬಾಗಿಲು ಹಾಕಿಕೊಂಡು ಮಲಗಿದಳು.

ಇದನ್ನು ಅವಳು ಹೇಳಿದ್ದು ನನಗೊಬ್ಬಳಿಗೇ, ವೈಕುಂಠ ಸಮಾರಾಧನೆ ಮುಗಿದ ಮೇಲೆ. ಅಳಲಿಲ್ಲ. ಅಂದೂ ಇಲ್ಲ, ಆಮೇಲೂ ಇಲ್ಲ. ಬಡಿಸಿದರೆ ಉಂಡಳು, ಕೇಳಿದರೆ ಉತ್ತರ ಕೊಟ್ಟಳು. ಒಮ್ಮೆ ಬಾಣಲೆಯ ಎಣ್ಣೆ ಕೈಮೇಲೆ ಸಿಡಿದರೆ, ಬೇರೆ ಯಾರದೋ ಕೈ ಅನ್ನುವ ಹಾಗೆ ನೋಡುತ್ತಾ ನಿಂತಿದ್ದಳು. "ಅತ್ತುಬಿಡೇ ತಂಗಿ," ಅಂದೆ. "ಅಳು ಬತ್ತೇ ಇಲ್ಲೆ ಅಕ್ಕ," ಅಂದಳು.

ವರ್ಷಾಂತಿಕ ಮುಗಿದ ಮೇಲೆ ಒಂದು ದಿನ ಏಕಾಏಕಿ, ತಮ್ಮನ ಟೆಂಟು ಹಾಕುತ್ತೇನೆ ಅಂದಳು. ದರ್ಶನ ಹೂಂ ಅಂದ. ಹುಬ್ಬಳ್ಳಿಯ ಒಂದು ಮನೆಯವರು ಶಿವರಾತ್ರಿ ರಜೆಗೆ ಬರುತ್ತೇವೆ ಅಂತ ಫೋನು ಮಾಡಿದರು. ಊಟಕ್ಕೆ ಏನು, ಸ್ನಾನಕ್ಕೆ ಬಿಸಿನೀರು ಎಲ್ಲಿಂದ, ಹುಲಿ ಬರುತ್ತದಾ, ಎಲ್ಲ ಕೇಳಿದರು. ಅಡುಗೆಯ ಉಸ್ತುವಾರಿಗೆ ನನ್ನನ್ನು ಕರೆಸಿದ್ದರು, ನಾನು ಪಕ್ಕದಲ್ಲೇ ಕೂತಿದ್ದೆ.

"ರಾತ್ರಿ ಏನಾರ ಬೇಕಾದ್ರ ಹೆಂಗ ಕರೀಬೇಕ್ರೀ? ಟೆಂಟಿನ ಹತ್ರ ನೆಟ್‌ವರ್ಕ್ ಇಲ್ಲ ಅಂತೀರಿ," ಅಂದರು ಫೋನಿನಲ್ಲಿದ್ದ ಹೆಂಗಸು.

"ಕೂ ಹಾಕಿ," ಅಂದಳು ಅನುಶ್ರೀ. "ನಮಗೆ ಕೇಳಿಸ್ತದೆ."

ಅವರು ನಕ್ಕರು. ಇವಳ ಮುಖದಲ್ಲಿ ಏನೂ ಇರಲಿಲ್ಲ. ನಾನು ಎದ್ದು ಒಳಗೆ ಹೋದೆ, ಅಲ್ಲಿ ಕೂರಲು ಆಗಲಿಲ್ಲ.

ಆ ಸಂಜೆ ಇಬ್ಬರೂ ಮೊದಲ ಟೆಂಟು ನಿಲ್ಲಿಸಿ, ಹಾಸಿಗೆ ಹಾಕಿ, ಕತ್ತಲಾಯಿತು ಅಂತ ಇಳಿದು ಬರುತ್ತಿದ್ದರು. ಈಗ ಬಾವಿಯ ಹತ್ತಿರ ಬನ್ನಿ.

ಕೂ...

ಒಂದೇ. ಜೋರಾಗಿ ಅಲ್ಲ. ನೆಲದ ಮಟ್ಟದಿಂದ ಬಂದ ಹಾಗೆ. ಕೊನೆಗೆ ದನಿ ಒಡೆದು ಬರೀ ಗಾಳಿಯಾಗಿತ್ತಂತೆ. ಈ ಸಲ ದರ್ಶನನಿಗೂ ಕೇಳಿತು... ಅಥವಾ ಅವಳು ಮೊದಲು ಕೇಳಿದ್ದು ಇದನ್ನೇ ಇರಬಹುದು, ಅವನಿಗೆ ತಡವಾಗಿ ಕಿವಿಗೆ ಬಿದ್ದಿರಬಹುದು. ಅವನಿಗೇ ಸರಿಯಾಗಿ ಹೇಳಲು ಬರಲಿಲ್ಲ.

ಇಬ್ಬರೂ ಎರಡನೆಯದಕ್ಕೆ ಕಾದರು. ಜೀರುಂಡೆಗಳು ಸುಮ್ಮನಾಗಿದ್ದವು. ಬಾವಿಯೊಳಗೆ ತಳುಕ್... ತಳುಕ್... ಅಂತ ಎಲ್ಲಿಂದಲೋ ನೀರು ತೊಟ್ಟಿಕ್ಕುತ್ತಿತ್ತು.

ಎರಡನೆಯದು ಬರಲಿಲ್ಲ.

"ನಡಿ ಅನು," ದರ್ಶನ ಅವಳ ತೋಳು ಹಿಡಿದ. "ಓಗೊಡಡ."

"ಎರಡ್ನೇ ಸಲ ಹಾಕಲೆ ತ್ರಾಣ ಇಲ್ದೇ ಹೋದ್ರೆ?"

"ಮಾರಾಯ್ತಿ... ಅದು ಅಂವ ಅಲ್ಲ."

"ಅಲ್ಲದೇ ಇದ್ರೂ ಅಡ್ಡಿಲ್ಲೆ."

ಹೆದರಿಕೆ ಆಗಲಿಲ್ಲವಾ ಅಂತ ನಾನು ಆಮೇಲೆ ಕೇಳಿದೆ. ಇಲ್ಲವಂತೆ. ಏನೂ ಆಗಲಿಲ್ಲವಂತೆ. ತೋಳು ಬಿಡಿಸಿಕೊಂಡು, ಕಾಡಿನ ಕಡೆ ತಿರುಗಿ, ಬಾಯಿಗೆ ಕೈ ಅಡ್ಡ ಹಿಡಿದು, ಗಂಟಲು ಬಿರಿಯುವ ಹಾಗೆ ಕೂ ಹಾಕಿದಳು. ಅದು ನನಗೆ ಅಡುಗೆಮನೆಯಲ್ಲಿ ಕೇಳಿತು. ಮೊದಲಿನದು ಕೇಳಲಿಲ್ಲ, ಇಲ್ಲದ್ದನ್ನು ಸೇರಿಸಿ ಹೇಳುವವಳಲ್ಲ ನಾನು. ಆದರೆ ಅವಳದು ಕೇಳಿತು.

ಅಲ್ಲಿ ಮೇಲೆ, ಕಾಡಿನ ಅಂಚಿನಲ್ಲಿ ಒಣಗಿದ ಎಲೆ ಸದ್ದಾಯಿತು. ಚರಕ್... ಆಮೇಲೆ ಎಳೆದ ಹಾಗೆ, ಸರ್‍ರ್‍ರ್... ಮತ್ತೆ ಚರಕ್... ಸರ್‍ರ್‍ರ್... ಒಂದು ಕಾಲು ಊರಿ, ಇನ್ನೊಂದನ್ನು ಎಳೆದುಕೊಂಡು ಬಂದ ಹಾಗೆ. ಬೆನ್ನು ಹತ್ತಿ ಬರುತ್ತದೆ ಅಂತ ದರ್ಶನ ಹಿಂದೆ ಸರಿದ. ಬರಲಿಲ್ಲ. ಸದ್ದು ಇವರ ಕಡೆಗೆ ಇಳಿಯಲೇ ಇಲ್ಲ. ಬ್ಯಾಣದಲ್ಲಿ ಅಡ್ಡಕ್ಕೆ ಹೋಗಿ, ಹುಲ್ಲಿನ ಮೇಲೆ ಮೆತ್ತಗಾಗಿ... ನಿಂತಿತು.

ಇಬ್ಬರೂ ಮನೆಗೆ ಬಂದರು. ದರ್ಶನ ಎಲ್ಲವನ್ನೂ ಹೇಳಿದ. ಅವಳು ಸಾರು ಅನ್ನ ಉಂಡು ಮಲಗಿದಳು. ನನಗೆ ನಿದ್ದೆ ಬರಲಿಲ್ಲ, ಅವಳ ಉಸಿರು ಕೇಳುತ್ತಾ ಪಕ್ಕದಲ್ಲೇ ಬಿದ್ದುಕೊಂಡಿದ್ದೆ.

ಬೆಳಕು ಹರಿದ ಮೇಲೆ ಮೂವರೂ ಮೇಲೆ ಹೋದೆವು. ಇಬ್ಬನಿಯಲ್ಲಿ ಟೆಂಟು ಒದ್ದೆಯಾಗಿ ನಿಂತಿತ್ತು. ಅದರ ಬಾಗಿಲು ನೋಡಿ ದರ್ಶನ ನಿಂತುಬಿಟ್ಟ. ಹೊಸ ಬಟ್ಟೆಯ ವಾಸನೆ ಹೋಗಲಿ ಅಂತ ಬಾಗಿಲನ್ನು ಸುರುಳಿ ಸುತ್ತಿ ಮೇಲಕ್ಕೆ ಕಟ್ಟಿ ಬಂದಿದ್ದರಂತೆ. ಈಗ ಅದು ಕೆಳಗೆ ಇಳಿದಿತ್ತು. ದನ ಎಳೆದಿರಬೇಕು ಅಂದೆ ನಾನು. ಗಾಳಿ ಅಂದೆ. ಮಾತಾಡುತ್ತಲೇ ಹೋಗಿ ಬಾಗಿಲಿನ ಬಟ್ಟೆ ಹಿಡಿದು ಎಳೆದೆ. ಬರಲಿಲ್ಲ.

ಆ ಟೆಂಟಿಗೆ ಇರುವುದು ಅದೊಂದೇ ಬಾಗಿಲು. ಮುಚ್ಚಿದರೆ ಒಳಗೆ ಇದ್ದವರು ಭದ್ರ ಮಾಡಿಕೊಳ್ಳಲು ಪೈಜಾಮಕ್ಕೆ ಇರುವಂಥ ಲಾಡಿಗಳಿವೆ, ಒಳಮೈಗೆ ಮಾತ್ರ. ಸಂದಿಯಲ್ಲಿ ಕೈ ತೂರಿಸಿ ತಡವಿದೆ. ಅಷ್ಟೂ ಲಾಡಿ ಗಂಟು ಹಾಕಿತ್ತು. ಒಂದೊಂದೇ ಬಿಚ್ಚಿದೆ. ಒಳಗೆ ಯಾರೂ ಇರಲಿಲ್ಲ. ಮಡಚಿಟ್ಟಿದ್ದ ಕಂಬಳಿ ಬಿಚ್ಚಿಕೊಂಡಿತ್ತು. ಅನುಶ್ರೀ ಮಂಚದ ಮೇಲೆ ಕೂತು, ಆ ಕಂಬಳಿಯನ್ನು ತೊಡೆಯ ಮೇಲೆ ಎಳೆದುಕೊಂಡು, ದೊಡ್ಡ ದನಿ ತೆಗೆದು ಅತ್ತಳು. ನಾನೂ ಅತ್ತೆ. ದರ್ಶನ ಹೊರಗೆ ಹೋಗಿ ನಿಂತ.

ಶಿವರಾತ್ರಿಗೆ ಹುಬ್ಬಳ್ಳಿಯವರು ಬಂದರು, ಚೆನ್ನಾಗಿ ನಿದ್ದೆ ಬಂತು ಅಂದರು, ಹೋದರು. ಅಷ್ಟೇ. ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು. ಆದರೆ ಗಾಳಿಗೆ ಗಂಟು ಹಾಕಲು ಬರುವುದಿಲ್ಲ, ದನಕ್ಕೂ ಬರುವುದಿಲ್ಲ. ಲಾಡಿ ಒಳಗಿನಿಂದ ಕಟ್ಟಿತ್ತು. ಬಿಚ್ಚಿದ್ದು ನಾನು.