ದಿಲ್ಲಿಯಲ್ಲಿ ಹಿಡಿದ ದೊಡ್ಡ ಮನೆ

ನೋಡಿ, ಬಿಜಾಪುರದ ಕಡೆ ಒಬ್ಬ ಸಾಹುಕಾರನಿದ್ದ. ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಕಥೆ ಬಿಟ್ಟು ಅವನು ಯಾರ ಬೀಗ, ಯಾರ ಅಳಿಯ ಎಂದು ಹುಡುಕಲು ಶುರು ಮಾಡುತ್ತೀರಿ. ಸಾಹುಕಾರ ಎಂದರೆ ಸಾಕು. ಒಣದ್ರಾಕ್ಷಿ ವ್ಯಾಪಾರ. ತೂಕದಲ್ಲಿ ಮೋಸ ಮಾಡಿದವನಲ್ಲ, ಆಳುಗಳ ಪಗಾರ ತಪ್ಪಿಸಿದವನಲ್ಲ, ಮಠದ ದಾಸೋಹಕ್ಕೆ ಪ್ರತಿವರ್ಷ ಜೋಳ ಕಳಿಸುವವನು. ಕೆಟ್ಟವನ ಕಥೆ ಹೇಳಿದರೆ ನೀವೆಲ್ಲ ಆರಾಮವಾಗಿ ಕುಳಿತು ಕೇಳುತ್ತೀರಿ, ಅದು ಪಕ್ಕದಲ್ಲಿ ಕುಳಿತವನ ಕಥೆ ಎಂದುಕೊಂಡು. ಅದಕ್ಕೇ ಇವತ್ತಿನ ಪ್ರವಚನದಲ್ಲಿ ಒಬ್ಬ ಒಳ್ಳೆಯವನ ಕಥೆ ಹೇಳುತ್ತೇನೆ.

ವ್ಯಾಪಾರ ಬೆಳೆಯಿತು. ದಿಲ್ಲಿಯಲ್ಲೇ ಕುಳಿತು ಮಾಲು ಮಾರಬೇಕು ಎನ್ನುವ ಹಂತಕ್ಕೆ ಬಂತು. ಹೆಂಡತಿ ಕಸ್ತೂರಿಬಾಯಿಯನ್ನು ಕರೆದುಕೊಂಡು ಹೊರಟ. ಹೊರಡುವ ಮುಂಚೆ ಊರವರು ಸೇರಿ ಶಾಲು ಹೊದಿಸಿ ಸತ್ಕಾರ ಮಾಡಿದರು. ಅವನು ಮೈಕಿನ ಮುಂದೆ ನಿಂತು ಹೇಳಿದ: "ನಮ್ಮ ಮಂದಿ ಯಾರೇ ದಿಲ್ಲಿಗಿ ಬರ್ರಿ, ಲಾಡ್ಜ್ ಗೀಡ್ಜ್ ಅಂತ ಹೋಗಬ್ಯಾಡ್ರಿ. ಅದು ನನ್ನ ಮನಿ ಅಲ್ಲ, ನಿಮ್ಮ ಮನಿ ಅಂತ ತಿಳೀರಿ." ಜನ ಚಪ್ಪಾಳೆ ತಟ್ಟಿದರು. ಆ ಮಾತನ್ನು ಆಡುವಾಗ ಅವನು ಸುಳ್ಳು ಹೇಳುತ್ತಿರಲಿಲ್ಲ. ಇದನ್ನು ಗಮನಿಸಿ. ಮೈಕಿನ ಮುಂದೆ ನಿಂತಾಗ ನಾವು ಯಾರೂ ಸುಳ್ಳು ಹೇಳುವುದಿಲ್ಲ. ಸುಳ್ಳು ಶುರುವಾಗುವುದು ಮನೆಯ ಬಾಗಿಲಿನಲ್ಲಿ.

ದಿಲ್ಲಿಯಲ್ಲಿ ಅವನು ಬಾಡಿಗೆಗೆ ಹಿಡಿದ ಮನೆ ಎಂಥದ್ದು ಗೊತ್ತೇ? ಎತ್ತರದ ಕಟ್ಟಡ, ಗೇಟಿನಲ್ಲಿ ಕಾವಲುಗಾರರು, ಒಳಗೆ ಅಮೃತಶಿಲೆಯ ನೆಲ. ಮಲಗುವ ಕೋಣೆಗಳೇ ಐದು. ಇರುವವರು ಇಬ್ಬರು. ಒಂದರಲ್ಲಿ ಅವರು ಮಲಗಿದರು. ಒಂದರಲ್ಲಿ ದೇವರನ್ನು ಇಟ್ಟರು. ಒಂದರಲ್ಲಿ ವ್ಯಾಯಾಮದ ಯಂತ್ರ ತಂದಿಟ್ಟರು, ಎರಡು ವಾರದಲ್ಲಿ ಅದರ ಮೇಲೆ ಒಗೆದ ಬಟ್ಟೆ ಒಣಗತೊಡಗಿತು. ಇನ್ನೊಂದು ಸುಮ್ಮನೆ ಖಾಲಿ. ಐದನೆಯದು ದೊಡ್ಡ ದೊಡ್ಡ ಅತಿಥಿಗಳಿಗೆ. ಹೊಸ ಮಂಚ, ಹೊಸ ಗಾದಿ. ದೊಡ್ಡ ಅತಿಥಿ ಯಾರೂ ಬರಲಿಲ್ಲವಾಗಿ ಗಾದಿಗೆ ಸುತ್ತಿದ ಪ್ಲಾಸ್ಟಿಕ್ಕನ್ನೂ ಬಿಚ್ಚಲಿಲ್ಲ.

ಆದರೆ ಊರಿನಿಂದ ಫೋನುಗಳು ಬರುತ್ತಿದ್ದವು. ಹಳೆಯ ಪರಿಚಯದ ಮೇಷ್ಟರೊಬ್ಬರು ಮಗಳನ್ನು ಪರೀಕ್ಷೆಗೆ ಕರೆತರುತ್ತೇನೆ, ಎರಡು ದಿನ ಉಳಿಯಬಹುದೇ ಎಂದು ಕೇಳಿದರು. ಸಾಹುಕಾರ ಹೇಳಿದ: "ಅಯ್ಯ, ಬರಬೇಕಿತ್ರಿ ಮಾಸ್ತರ. ಈಗ ನೋಡ್ರಿ, ಮನಿ ತುಂಬ ಮಂದಿ ಅದಾರ."

ಕಸ್ತೂರಿಬಾಯಿ ಅಡುಗೆಮನೆಯಿಂದ ಹೊರಗೆ ಬಂದು ಕೇಳಿದಳು: "ಮಂದಿ ಎಲ್ಲಿ ಅದಾರ?"

"ಒಬ್ಬರಿಗಿ ಹೂಂ ಅಂದ್ರ ಊರಿಗೂರೇ ಬರ್ತೈತಿ. ಇದು ದಿಲ್ಲಿ. ಇಲ್ಲಿ ಮನಿ ಹಂಗ ಇಟ್ಟುಕೊಳ್ಳಾಕ ಆಗೂದಿಲ್ಲ."

ಅವಳು ಅಡುಗೆಮನೆಗೆ ಹಿಂತಿರುಗಿದಳು. ಒಪ್ಪಿಕೊಂಡು ಹೋದದ್ದಲ್ಲ.

ಡಿಸೆಂಬರಿನಲ್ಲಿ ಸಾಹುಕಾರನಿಗೆ ಮೊಣಕಾಲು ನೋವು ಬಂತು. ತೋರಿಸಲು ದೊಡ್ಡ ಆಸ್ಪತ್ರೆಗೆ ಹೋದರು. ಅವನು ಒಳಗೆ ಹೋದ, ಅವಳು ಹೊರಗೆ ಕಾರಿನಲ್ಲಿ ಕುಳಿತಳು. ಮಧ್ಯಾಹ್ನವಾದರೂ ಮಂಜು ಕರಗಿರಲಿಲ್ಲ. ಗೇಟಿನ ಪಕ್ಕದ ಫುಟ್‌ಪಾತಿನಲ್ಲಿ ಸಾಲಾಗಿ ಜನ ಮಲಗಿದ್ದರು. ಬೇರೆ ಬೇರೆ ಸೀಮೆಯ ರೋಗಿಗಳು, ಅವರ ಜೊತೆ ಬಂದವರು. ಆ ಸಾಲಿನಿಂದ ಅವಳ ಕಿವಿಗೆ ಒಂದು ದನಿ ಬಿತ್ತು. ಯಾರೋ ಫೋನಿನಲ್ಲಿ ಮಾತಾಡುತ್ತಿದ್ದರು: "ಥಂಡಿ ಅಂದ್ರ ಏನ್ ಹೇಳ್ಲೋ ಮಾರಾಯ. ಚಾದರ ಹಿಂಡಿದ್ರ ನೀರು ಇಳೀತಾವು."

ಸಾವಿರ ಮೈಲಿ ದೂರದಲ್ಲಿ ತನ್ನ ಊರಿನ ಮಾತು. ಅವಳು ಕಾರಿನಿಂದ ಇಳಿದಳು. ಕಥೆ ಇಲ್ಲಿ ಶುರುವಾಗುತ್ತದೆ ನೋಡಿ. ಇಳಿಯದೆ ಗಾಜು ಏರಿಸಿಕೊಂಡಿದ್ದರೆ ಇವತ್ತು ಹೇಳಲು ನನ್ನ ಹತ್ತಿರ ಕಥೆಯೇ ಇರುತ್ತಿರಲಿಲ್ಲ.

ಫೋನಿನಲ್ಲಿ ಮಾತಾಡುತ್ತಿದ್ದವನು ತಾಳಿಕೋಟೆಯ ದರ್ಜಿ, ಮೌಲಾಸಾಬ. ಪಕ್ಕದಲ್ಲಿ ಹೆಂಡತಿ ಖಾಜಾಬಿ, ಗೋಡೆಗೆ ಒರಗಿ ಬಾಯಿಂದ ಉಸಿರು ಎಳೆಯುತ್ತಿದ್ದಳು. ಹೃದಯದ ಕವಾಟ ಕೆಟ್ಟಿತ್ತು. ಧರ್ಮಶಾಲೆ ತುಂಬಿಹೋಗಿತ್ತು.

"ಆಪರೇಷನ್ ಯಾವಾಗ?" ಕಸ್ತೂರಿಬಾಯಿ ಕೇಳಿದಳು.

"ಮುಂದಿನ ವಾರ ಅಂದಾರ್ರಿ ಯಕ್ಕಾ. ಆದ್ರ ಅಷ್ಟರಾಗ ಕೆಮ್ಮು, ಜ್ವರ ಬರಬಾರದಂತ. ಬಂದ್ರ ಮುಂದಕ್ಕ ಹಾಕ್ತಾರ. ಒಮ್ಮಿ ಹಾಕಿದ್ರು. ಇನ್ನೊಮ್ಮಿ ಹಾಕಿದ್ರ ಈಕಿ..." ಅವನು ಮಾತು ನಿಲ್ಲಿಸಿದ. ಹೆಂಡತಿ ಕೇಳಿಸಿಕೊಳ್ಳುತ್ತಿದ್ದಳು.

ಸಾಹುಕಾರ ಹೊರಗೆ ಬಂದಾಗ ಕಾರಿನ ಹಿಂದಿನ ಸೀಟಿನಲ್ಲಿ ಖಾಜಾಬಿ ಕುಳಿತಿದ್ದಳು, ಪಕ್ಕದಲ್ಲಿ ಮೌಲಾಸಾಬ ಚೀಲ ಹಿಡಿದು ನಿಂತಿದ್ದ. ಅವನು ಹೆಂಡತಿಯನ್ನು ಬದಿಗೆ ಕರೆದ.

"ಏನ್ ಮಾಡಾಕತ್ತಿ ನೀ?"

"ಮನಿಗಿ ಕರಕೊಂಡು ಹೊಂಟೀನಿ."

"ಯಾರು, ಏನು ಅಂತ ಗೊತ್ತಿಲ್ಲದವರನ್ನ?"

"ಬ್ಯಾನಿ ಐತಿ, ಮಲಗಾಕ ಜಾಗ ಇಲ್ಲ. ಇನ್ನೇನ್ ಗೊತ್ತಾಗಬೇಕಿತ್ತು ನಿಮಗ?"

ಡ್ರೈವರನ ಮುಂದೆ ಜಗಳ ಬೇಡವೆಂದು ಅವನು ಮುಂದಿನ ಸೀಟಿನಲ್ಲಿ ಕುಳಿತ. ಎರಡು ದಿನ, ಅಷ್ಟೇ, ಎಂದ. ಮನೆಗೆ ಹೋದವಳೇ ಕಸ್ತೂರಿಬಾಯಿ ಐದನೆಯ ಕೋಣೆಗೆ ಹೋಗಿ ಗಾದಿಯ ಪ್ಲಾಸ್ಟಿಕ್ಕನ್ನು ಹರಿದಳು. ಹೊಸ ಹೊದಿಕೆ ಹಾಸಿ ಖಾಜಾಬಿಯನ್ನು ಮಲಗಿಸಿದಳು. ದೊಡ್ಡ ಅತಿಥಿ ಬಂದಾಯಿತು.

ಎರಡು ದಿನ ಕಳೆಯಿತು. ಅವರು ಹೋಗಲಿಲ್ಲ, ಹೋಗಿ ಎಂದು ಹೇಳುವ ಧೈರ್ಯ ಸಾಹುಕಾರನಿಗೆ ಆಗಲಿಲ್ಲ. ಅಷ್ಟರಲ್ಲಿ ಕಟ್ಟಡದ ಸಮಿತಿಯವರು ಬಂದರು. ಕಾರ್ಯದರ್ಶಿ ನಿವೃತ್ತ ಅಧಿಕಾರಿ, ಮಾತು ಮೆತ್ತಗೆ. ಸೋಫಾದಲ್ಲಿ ಕುಳಿತು ಹಿಂದಿಯಲ್ಲಿ ಹೇಳಿದರು: "ನಿಮ್ಮ ಮನೆಯಲ್ಲಿ ರೋಗಿಗಳಿದ್ದಾರಂತೆ. ಇದು ಸಂಸಾರಸ್ಥರು ಇರುವ ಜಾಗ, ಛತ್ರವಲ್ಲ. ಅದೂ ಅಲ್ಲದೆ, ಅವರು ಎಂಥ ಜನ ಎಂದು ವಿಚಾರಿಸಿದ್ದೀರಾ? ನಮ್ಮವರಲ್ಲವಂತೆ. ಲಿಫ್ಟಿನಲ್ಲಿ ಓಡಾಡುವಾಗ ಉಳಿದವರಿಗೆ ಮುಜುಗರವಾಗುತ್ತದೆ."

ಕಸ್ತೂರಿಬಾಯಿಗೆ ಹಿಂದಿ ಕೇಳಿದರೆ ತಿಳಿಯುತ್ತಿತ್ತು, ಆಡಲು ಬರುತ್ತಿರಲಿಲ್ಲ. ಗಂಡನ ಕಡೆ ತಿರುಗಿ ಹೇಳಿದಳು: "ಅವರು ನಮ್ಮ ಬಳಗದವರಲ್ಲ. ನಮ್ಮ ಜಾತಿಯವರೂ ಅಲ್ಲ. ನಾ ಕರಕೊಂಡು ಬಂದೀನಿ. ಆಪರೇಷನ್ ಆಗಿ, ಮೈಯಾಗ ಶಕ್ತಿ ಬಂದು, ತಾವಾಗೇ ಹೋಗ್ತೀವಿ ಅನ್ನೂತನಕ ಇಲ್ಲೇ ಇರ್ತಾರ. ಎಲ್ಲರೂ ಹೋಗೂ ಲಿಫ್ಟಿನಾಗೇ ಹೋಗ್ತಾರ. ಹೇಳ್ರಿ ಇವರಿಗಿ."

ಸಾಹುಕಾರ ಗಂಟಲು ಸರಿಮಾಡಿಕೊಂಡು ಹಿಂದಿಯಲ್ಲಿ ಹೇಳಿದ: "ಅವರು ನಮ್ಮ ದೂರದ ಸಂಬಂಧಿಕರು, ಇನ್ನೆರಡು ದಿನದಲ್ಲಿ ಹೊರಡುತ್ತಾರೆ ಎನ್ನುತ್ತಿದ್ದಾಳೆ."

"ನಾ ಹಂಗ ಅಂದಿಲ್ಲ," ಎಂದಳು ಅವಳು. "ನಾ ಹೇಳಿದ್ದನ್ನ ಹೇಳ್ರಿ."

ಅವನು ಇನ್ನೊಮ್ಮೆ ಪ್ರಯತ್ನಿಸಿದ: "ಆಪರೇಷನ್ ಇದೆಯಂತೆ. ತಾವು ಸ್ವಲ್ಪ ದಯೆ ತೋರಿಸಬೇಕು ಎನ್ನುತ್ತಾಳೆ."

"ದಯಾ ಅನ್ನೂ ಮಾತೇ ನನ್ನ ಬಾಯಾಗ ಬಂದಿಲ್ಲ. ನಾ ಇವರ ಮುಂದ ಬೇಡಾಕ ಕುಂತಿಲ್ಲ."

ಅಷ್ಟರಲ್ಲಿ ಐದನೆಯ ಕೋಣೆಯ ಬಾಗಿಲು ತೆರೆಯಿತು. ಮೌಲಾಸಾಬ ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದ. ಅವನ ಹಿಂದೆ ಖಾಜಾಬಿ, ಒಂದು ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದಿದ್ದಳು. ಮಂಚದಿಂದ ಬಾಗಿಲಿನವರೆಗೆ ನಡೆದದ್ದಕ್ಕೇ ಅವಳ ತುಟಿ ನೀಲಿಯಾಗಿತ್ತು.

"ಸಾವಕಾರ, ನಾವು ಹೊಂಟೀವ್ರಿ," ಎಂದ ಮೌಲಾಸಾಬ. "ನಮ್ಮಿಂದ ನಿಮಗ ತ್ರಾಸ ಬ್ಯಾಡ. ನೀವು ಭಾಳ ಮಾಡೀರಿ."

ಭಾಳ ಮಾಡೀರಿ. ಆ ಮಾತು ಸಾಹುಕಾರನಿಗೆ ಎಲ್ಲಿ ತಾಕಿತೋ. ತಾನು ಏನೂ ಮಾಡಿಲ್ಲವೆಂದು ಆ ಪಡಸಾಲೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಅವನಿಗೇ ಗೊತ್ತಿತ್ತು. ಅವನು ಎದ್ದ. ಮೌಲಾಸಾಬನ ಹೆಗಲಿನಿಂದ ಚೀಲ ತೆಗೆದು ಕೆಳಗಿಟ್ಟ. ಆಮೇಲೆ ಕಾರ್ಯದರ್ಶಿಯ ಎದುರು ನಿಂತು, ಹೆಂಡತಿ ಆಡಿದ್ದನ್ನು ಒಂದೊಂದೇ ಮಾತಾಗಿ ಹಿಂದಿಯಲ್ಲಿ ಹೇಳಿದ. ಬಳಗದವರಲ್ಲ. ಜಾತಿಯವರಲ್ಲ. ಕರೆದುಕೊಂಡು ಬಂದಿದ್ದೇವೆ. ತಾವಾಗಿಯೇ ಹೋಗುತ್ತೇವೆ ಎನ್ನುವವರೆಗೆ ಇರುತ್ತಾರೆ. ಎಲ್ಲರ ಲಿಫ್ಟಿನಲ್ಲೇ ಹೋಗುತ್ತಾರೆ. ಮೊದಲ ಮಾತು ಆಡುವಾಗ ದನಿ ನಡುಗಿತು. ಕೊನೆಯದಕ್ಕೆ ಬರುವಾಗ ನಡುಗಲಿಲ್ಲ.

ಕಾರ್ಯದರ್ಶಿ ಕೇಳಿದರು: "ಇದು ನಿಮ್ಮ ಶ್ರೀಮತಿಯವರ ಮಾತೋ, ನಿಮ್ಮದೋ?"

ಸಾಹುಕಾರ ಹೆಂಡತಿಯ ಮುಖ ನೋಡಲಿಲ್ಲ. "ನನ್ನದು," ಎಂದ.

ಮುಂದೆ ಎಲ್ಲ ಸುಖವಾಯಿತು ಎಂದು ನಾನು ಹೇಳಿದರೆ ನೀವು ನಂಬಬೇಡಿ. ಮನೆಯ ಮಾಲೀಕ ಫೋನು ಮಾಡಿ ತಿಂಗಳ ಕೊನೆಗೆ ಖಾಲಿ ಮಾಡಿ ಎಂದ. ಗೇಟಿನ ಕಾವಲುಗಾರರು ಖಾಜಾಬಿಯನ್ನು ತಡೆದು ನಿಲ್ಲಿಸತೊಡಗಿದರು. ಕಸ್ತೂರಿಬಾಯಿ ಅವಳ ತೋಳು ಹಿಡಿದು ಪ್ರತಿ ಸಲವೂ ಜೊತೆಗೆ ನಡೆದಳು, ಹಿಂದಿನ ಬಾಗಿಲಿನಿಂದಲ್ಲ, ಎದುರಿನ ಗೇಟಿನಿಂದ. ಲಿಫ್ಟಿನಲ್ಲಿ ಮುಖ ತಿರುಗಿಸಿದವರಿಗೆ ನಮಸ್ಕಾರ ಮಾಡಿದಳು. ಸಮಿತಿಯವರು ಹಬ್ಬದ ಊಟಕ್ಕೆ ಕರೆಯುವುದನ್ನು ಬಿಟ್ಟರು. ಸಾಹುಕಾರನ ಗಿರಾಕಿಗಳಲ್ಲಿ ಇಬ್ಬರು ಅದೇ ಕಟ್ಟಡದವರು, ಅವರೂ ಮಾತು ಬಿಟ್ಟರು. ಅವನು ಕ್ಷಮೆ ಕೇಳಲು ಹೋಗಲಿಲ್ಲ.

ಆಪರೇಷನ್ ಆಯಿತು. ಹೊಲಿಗೆ ಇನ್ನೂ ಹಸಿ ಇರುವಾಗಲೇ ಮನೆ ಬಿಡುವ ದಿನ ಬಂತು. ಹಳೆಯ ಬಡಾವಣೆಯೊಂದರಲ್ಲಿ ನೆಲಮಹಡಿಯ ಮೂರು ಕೋಣೆಯ ಮನೆ ಸಿಕ್ಕಿತು. ಗೋಡೆಯ ಸುಣ್ಣ ಉದುರುತ್ತಿತ್ತು, ನಲ್ಲಿಯಲ್ಲಿ ಬೆಳಿಗ್ಗೆ ಮಾತ್ರ ನೀರು. ಖಾಜಾಬಿ ಅಲ್ಲೇ ಎದ್ದು ಓಡಾಡುವಂತಾದಳು. ಒಂದು ದಿನ ಸಾಹುಕಾರ ಊರಿನ ಮೇಷ್ಟರಿಗೆ ಫೋನು ಮಾಡಿದ. "ಮಾಸ್ತರ, ಅವತ್ತ ನಮ್ಮ ಮನ್ಯಾಗ ಯಾರೂ ಇರಲಿಲ್ರಿ. ಈಗ ಅದಾರ. ಆದ್ರೂ ನೀವು ಬರ್ರಿ."

ಖಾಜಾಬಿ ಬದುಕಿದಳು ಎಂದು ಕೇಳಿ ನಿಮಗೆ ಸಮಾಧಾನವಾಯಿತು, ಮುಖ ನೋಡಿದರೆ ತಿಳಿಯುತ್ತದೆ. ನಾನೊಂದು ಕೇಳುತ್ತೇನೆ. ಬದುಕದೆ ಹೋಗಿದ್ದರೆ? ಆಪರೇಷನ್ ಮೇಜಿನ ಮೇಲೇ ಹೋಗಿಬಿಟ್ಟಿದ್ದರೆ, ಕಸ್ತೂರಿಬಾಯಿ ಮಾಡಿದ್ದು ತಪ್ಪಾಗುತ್ತಿತ್ತೇ? ಬಾಗಿಲು ತೆರೆಯುವುದಕ್ಕೆ ಫಲ ಸಿಗುತ್ತದೆಂಬ ಖಾತ್ರಿ ಬೇಕೇ ನಿಮಗೆ?

ದಿಲ್ಲಿಯವರು ಕಟುಕರು ಎಂದು ಗೊಣಗಿದಿರಿ ಆಗ, ನಾನು ಕೇಳಿಸಿಕೊಂಡೆ. ದಿಲ್ಲಿ ಬಿಡಿ. ಈ ಊರಿನಲ್ಲಿ ಬಾಡಿಗೆ ಮನೆ ಕೇಳಿಕೊಂಡು ಬಂದವನಿಗೆ "ನೀವು ಯಾವ ಮಂದಿ" ಎಂದು ಮೊದಲು ಕೇಳಿ, ಆಮೇಲೆ ಮನೆ ಖಾಲಿಯಿಲ್ಲ ಎಂದವರು ಈ ಸಭೆಯಲ್ಲಿ ಎಷ್ಟು ಜನರಿದ್ದೀರಿ? ಕೈ ಎತ್ತಬೇಡಿ. ನಿಮ್ಮ ಮಾಳಿಗೆಯ ಮೇಲೆ ಬೀಗ ಹಾಕಿದ ಕೋಣೆ ಇದೆಯಲ್ಲ, ಹಳೆಯ ಡಬ್ಬ, ಮುರಿದ ಕುರ್ಚಿ ಮಲಗಿವೆಯಲ್ಲ, ಅವುಗಳ ಜಾತಿ ಕೇಳಿದ್ದೀರಾ?

ನಾಳೆಯಿಂದ ಆ ಪ್ರಶ್ನೆಯನ್ನು ಬಿಡಿ. ಮನೆ ಕೇಳಲು ಬಂದವರನ್ನು ಏನು ಕೇಳಬೇಕೋ ಕೇಳಿ, ಜಾತಿಯೊಂದನ್ನು ಬಿಟ್ಟು. ಓಣಿಯವರು ಬಂದು, ಎಂಥವರನ್ನು ತಂದು ಇಟ್ಟುಕೊಂಡಿರಿ ಎಂದರೆ ಸಂಬಂಧಿಕರು ಎಂದು ಸುಳ್ಳು ಹೇಳಬೇಡಿ, ಎರಡೇ ದಿನ ಎಂದು ಹಲ್ಲು ಕಿರಿಯಬೇಡಿ. ನಾವು ಕರೆದಿದ್ದೇವೆ, ಇರುತ್ತಾರೆ, ಎನ್ನಿ. ಮನೆಯ ಹೆಣ್ಣುಮಕ್ಕಳು ಒಳಗೆ ಆಡಿದ ನೇರ ಮಾತನ್ನು ಗಂಡಸರು ಬಾಗಿಲಿಗೆ ತರುವಷ್ಟರಲ್ಲಿ ಮೆತ್ತಗೆ ಮಾಡಬೇಡಿ. ಅದರಿಂದ ನಾಲ್ಕು ಜನ ಮಾತು ಬಿಟ್ಟರೆ ಬಿಡಲಿ. ಮಾತು ಬಿಟ್ಟವರಿಗೆ ಹೆದರಿ ಯಾರ ಜೀವವೂ ಉಳಿದಿಲ್ಲ.

ಇಲ್ಲಿಂದ ಎದ್ದು ಮನೆಗೆ ಹೋಗುವಾಗ ನೀವೆಲ್ಲ ಸರ್ಕಾರಿ ದವಾಖಾನೆಯ ಮುಂದೆಯೇ ಹಾಯಬೇಕು. ಬೇರೆ ದಾರಿಯಿಲ್ಲ. ಇವತ್ತು ಅಲ್ಲಿ ಗಾಡಿ ನಿಲ್ಲಿಸಿ. ಕಟ್ಟೆಯ ಮೇಲೆ ಗಂಟು ಇಟ್ಟುಕೊಂಡು ಕುಳಿತವರ ಹತ್ತಿರ ಹೋಗಿ ಎಲ್ಲಿ ಮಲಗುತ್ತೀರಿ ಎಂದು ಕೇಳಿ. ಅವರು ಏನು ಹೇಳುತ್ತಾರೋ ನಿಂತು ಕೇಳಿಸಿಕೊಳ್ಳಿ. ಕೇಳಿಸಿಕೊಂಡ ಮೇಲೆ ಸುಮ್ಮನೆ ಗಾಡಿ ಹತ್ತಲು ನಿಮ್ಮ ಕೈಲಾದರೆ, ನಾಳೆ ಪ್ರವಚನಕ್ಕೆ ಬರುವ ಶ್ರಮ ತೆಗೆದುಕೊಳ್ಳಬೇಡಿ.