ಹಗೇವಿನ ಬಾಯಾಗ ಕಂಡ ಚಿಕ್ಕಿ

ಹಳೆ ಊರ ಬಾವಿ ದಾಟುವಾಗ ಮಲ್ಲಾಬಾಯಿ ಕೈಯಾಗಿನ ಕಂದೀಲು ಭಗ್ ಅಂತ ಹೊಯ್ದಾಡಿತು. ಗಾಳಿ ಇರಲಿಲ್ಲ. ಬಾವಿ ಗಾಲಿ ತಾನಾಗಿ ತಿರುಗಿತು. ಕಿರ್... ಕಿರ್...

ಹಿಂದ ಬರ್ತಿದ್ದ ಗಂಡ ಪರಮಣ್ಣ ನಿಂತುಬಿಟ್ಟ.

"ಹೊಳ್ಳೋಣ ನಡಿ," ಅಂದ, ಪಿಸುಮಾತಿನಾಗ.

"ಇನ್ನೊಮ್ಮೆ ಆ ಮಾತು ಆಡಿದ್ರ ನಿನ್ನ ಈ ಬಾವ್ಯಾಗ ನೂಕ್ತೀನಿ."

ಈ ಮಲ್ಲಾಬಾಯಿ ನಮ್ಮ ಚಿಗವ್ವನ ಮಗಳು, ನನಗ ತಂಗಿ ಆಗಬೇಕು. ಸುರಪುರದ ಕಡೆ, ಕೃಷ್ಣಾ ಹೊಳಿ ದಂಡಿಗೆ ಕೊಟ್ಟಿದ್ದರು. ಅಣೆಕಟ್ಟಿನ ಹಿನ್ನೀರು ಬರ್ತದಂತ ಊರಿಗೆ ಊರ ಎತ್ತಿ ದಿನ್ನಿ ಮ್ಯಾಲ ಇಟ್ಟರು. ಮಂದಿ ತೊಲಿ, ಬಾಗಿಲ, ಹಾಸುಗಲ್ಲು ಸೈತ ಕಿತ್ತುಕೊಂಡು ಹೋದರು. ಮಲ್ಲಾಬಾಯಿ ಮನಿದು ಒಂದು ಉಳೀತು... ಹಗೇವು. ನೆಲದಾಗ ಬಾವಿಯಂಗ ತೋಡಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತತಾರಲ್ಲ, ಅದು. ಅದರಾಗ ಬೀಜದ ಜೋಳ ಇತ್ತು. ಆಕಿ ಅತ್ತಿ ಕಾಲದಿಂದ ಕಾಯ್ಕೊಂಡು ಬಂದ ಬೀಜ. ಅಂಥಾದ್ದು ಸಂತ್ಯಾಗ ಸಿಗೂದಿಲ್ಲ.

ಯಾಕ ಉಳೀತು ಅಂದ್ರ, ಹಗೇವಿನ ಕೆಟ್ಟ ಗಾಳಿ ಕೊಲ್ಲತದ. ಮೊದಲು ಕಂದೀಲು ಇಳಿಬಿಡಬೇಕು. ದೀಪ ಬದುಕಿದ್ರ ಮನಷ್ಯಾ ಇಳೀಬೇಕು. ಪರಮಣ್ಣನ ತಮ್ಮ ಹಣಮೇಶ, ಮದುವಿ ಗೊತ್ತಾದಾಂವ, ಮನಿ ಬಿಡೋ ಗಡಿಬಿಡ್ಯಾಗ ದೀಪ ಬಿಡದ ಇಳದ. ಮ್ಯಾಲ ಬಂದದ್ದು ಹೆಣ. ಅವತ್ತ ಕಲ್ಲು ಮುಚ್ಚಿದರು. ಆಮ್ಯಾಲ ಎರಡು ವರ್ಷ ಯಾರೂ ಆ ಕಡೆ ಸುಳೀಲಿಲ್ಲ. ಹೊಳಿ ನೀರು ಮಾತ್ರ ವರ್ಷಕ್ಕೊಂದು ಓಣಿ ನುಂಗ್ತಿತ್ತು. ಈ ಮಳಿಗಾಲ ಇವರ ಓಣಿದು ಪಾಳಿ.

ಪರಮಣ್ಣಗ ಪುರಸೊತ್ತು ಎಲ್ಲದ? ಅವ ಇಸ್ಮಾಯಿಲಸಾಬರ ಚಹಾದಂಗಡ್ಯಾಗ ರೇಡಿಯೋಕ್ಕ ಕಿವಿ ಹಚ್ಚಿ ಕುಂತಿರ್ತಿದ್ದ. ಅದು ಎಂಬತ್ತಾರನೇ ಇಸವಿ. ರಷ್ಯಾದವರು ಆಕಾಶದಾಗ ಒಂದು ಹೊಸ ಮನಿ ಕಟ್ಟಿ ಭೂಮಿ ಸುತ್ತಾಕ ಬಿಟ್ಟಿದ್ದರು. ಹಳೇದೂ ಒಂದಿತ್ತು, ಮಂದಿ ಇಲ್ಲದ್ದು. ಇಬ್ಬರು ಹೊಸ ಮನಿಗೆ ಹೋಗಿ ಇದ್ದು, ಅಲ್ಲಿಂದ ತಮ್ಮ ಗಾಡಿ ಬಿಚ್ಚಿಕೊಂಡು ಹಳೆ ಮನಿಗೆ ಹೋಗಿದ್ದರು. ಒಂದ ಪ್ರಯಾಣದಾಗ ಎರಡು ಮನಿ! ಅಲ್ಲೀತನಕ ಯಾರೂ ಮಾಡಿದ್ದಿಲ್ಲ.

"ಸಾಮಾನ ಕಟ್ಟಿಕೊಂಡು ಹೊಸ ಮನಿಗೆ ಹೊಳ್ಳತಾರಂತ," ಅಂತ ಪರಮಣ್ಣ ಊಟಕ್ಕ ಕುಂತಾಗೂ ಅದನ್ನ ಹೇಳಾಂವ.

"ಮತ್ತ ನಮ್ಮ ಸಾಮಾನ?"

"ನಾಳೆ."

"ನಿನ್ನ ನಾಳೆಗೆ ಬೆಂಕಿ ಹಚ್ಚಲಿ! ಅವರು ಅಷ್ಟು ಮ್ಯಾಲ ಹೋಗಿ ತರ್ತಾರ, ನಿನಗ ದಿನ್ನಿ ಇಳಿಯಾಕ ಆಗವಲ್ದು."

ಮಿರಗ ಮಳಿ ಕೂಡಿತು. ಕಡೀಗೆ ಆಕೀನೇ ಗಂಡನ್ನ ದರದರ ಎಳಕೊಂಡು ಬಂದಳು. ಕಲ್ಲು ತೆಗೆದು, ಗಾಳಿ ಆಡಲಿ ಅಂತ ದಿನವೆಲ್ಲಾ ಬಿಟ್ಟು, ಸಂಜಿಗೆ ದೀಪ ಇಳಿಬಿಟ್ಟರು. ಆರಿತು. ಮರುದಿನ ಬಂದರು. ಆರಿತು. ಇವತ್ತು ಮತ್ತ ಬಂದಿದ್ದರು.

ಹಗ್ಗ ಇಳೀತು. ದೀಪ ಒಂದಾಳು ಆಳಕ್ಕ ಹೋಯ್ತು... ಸಣ್ಣಾಯ್ತು... ನೀಲಿ ಆಯ್ತು... ಫುಸ್.

ಮಲ್ಲಾಬಾಯಿ ಹಣಿ ಬಡಕೊಂಡಳು. "ಏನ್ ಪಾಪ ಮಾಡೀನೋ ಶಿವನ!"

ಆಗ ಪರಮಣ್ಣ ಮ್ಯಾಲ ಬೆರಳು ಮಾಡಿದ. ಪಡುವಣದ ಕಡೆಯಿಂದ ಒಂದು ಚಿಕ್ಕಿ ಎದ್ದು ಹೊಂಟಿತ್ತು. ಮಿನುಗೂದಿಲ್ಲ, ಸಪ್ಪಳಿಲ್ಲ, ನೆಟ್ಟಗ.

"ಅದ ನೋಡು... ಅದರಾಗ ಅದಾರ ಅವರು..."

ಚಿಕ್ಕಿ ನೆತ್ತಿ ಮ್ಯಾಲ ಬಂತು. ಹಗೇವಿನ ಬಾಯಿಗೆ ಸರಿಯಾಗಿ.

ಒಳಗ ಸಪ್ಪಳಾತು. ಸರ್... ಸರ್... ಜೋಳದಾಗ ಸೇರು ತುಂಬಿದಂಗ. ಅಂಗೈಲೆ ಸೇರಿನ ತಲಿ ಸವರಿದಂಗ. ಆಮ್ಯಾಲ ಕೆಳಗಿಂದ ಒಂದು ದನಿ...

"ಅಣ್ಣಾ... ಆ ಚಿಕ್ಕಿ ಯಾಕ ನಡ್ಯಾಕತ್ತದ?"

ಊರಿಗೆಲ್ಲಾ ಆ ಸುದ್ದಿ ಹೇಳಿದ ಪರಮಣ್ಣ ಈಗ ಹೆಂಡ್ತಿ ಬೆನ್ನ ಹಿಂದ ಸರದ. ಮಲ್ಲಾಬಾಯೀನೇ ಬಗ್ಗಿದಳು.

"ಅದು ಚಿಕ್ಕಿ ಅಲ್ಲಪ್ಪ. ಬಿಟ್ಟುಹೋದ ಮನಿ. ಇಬ್ಬರು ಹೋಗ್ಯಾರ, ಸಾಮಾನ ತರಾಕ."

ಒಳಗ ಜೋಳ ಮತ್ತ ಸರ್ ಅಂತು.

"ಅಲ್ಲಿ ಯಾರನ್ನರ ಬಿಟ್ಟು ಬರ್ತಾರೇನು, ವೈನಿ?"

"ಇಲ್ಲ. ಇಬ್ಬರೂ ಹೊಳ್ಳತಾರಂತ."

"ಹಂಗಾದ್ರ... ಚೀಲ ಬಿಡು."

ಆಕಿ ಹಗ್ಗಕ್ಕ ಚೀಲ ಕಟ್ಟಿ ಬಿಟ್ಟಳು. ಸರ್... ಸರ್... ಹಗ್ಗ ಎರಡು ಸಲ ಜಗ್ಗಿತು. ಗಂಡಹೆಂಡ್ತಿ ಕೂಡಿ ಎಳದರು. ಚೀಲ ತುಂಬಿತ್ತು. ಬಾಯಿ ಕಟ್ಟಿತ್ತು.

ಮಲ್ಲಾಬಾಯಿ ಹಗ್ಗ ಮತ್ತ ಇಳಿಬಿಟ್ಟಳು. "ಈಗ ನೀ ಬಾ, ಹಣಮೇಶ."

ಹಗ್ಗ ಬಿಗೀತು. ಜೋಳದ ಭಾರ ಅಲ್ಲ ಅದು... ಉಸರಾಡೋ ಭಾರ. ಒಂದು ಮೊಳ ಬಂತು... ಎರಡು ಮೊಳ...

ಪರಮಣ್ಣ ಕೈ ಬಿಟ್ಟ. ಒಬ್ಬಾಕಿ ಕೈಲೆ ಎಲ್ಲಿ ನಿಲ್ಲತದ? ಅಂಗೈ ಸುಲದು ಹಗ್ಗ ಸರ್ರ್ ಅಂತ ಒಳಗ ಹೋಯ್ತು. ಧಪ್.

"ಏನ್ ಮಾಡಿದ್ಯೋ! ನಿನ್ನ ತಮ್ಮ ಅಲ್ಲೇನೋ ಅವ!" ಎರಡೂ ಕೈಲೆ ಗುದ್ದಿದಳು. ಅವ ಗುದ್ದಿಸಿಕೊಂತ ನಿಂತ. "ನಾಳೆ... ಬ್ಯಾರೆ ಹಗ್ಗ ತರೂಣು, ನಾಳೆ..."

ಆ ರಾತ್ರಿ ಮ್ಯಾಲಿನ ಸೀಮಿ ನೀರು ಬಂತು. ನಸುಕಿನ್ಯಾಗ ಮಲ್ಲಾಬಾಯಿ ಹೊಸ ಹಗ್ಗ ಹೊತ್ತು ಓಡಿದಳು. ಬಾವಿ ಇದ್ದಲ್ಲಿ ಬರೇ ಕೆಂಪು ನೀರು. ಮನಿ ಇದ್ದ ಜಾಗದಾಗ ಬುಳು... ಬುಳು... ಅಂತ ಗುಳ್ಳಿ ಏಳಾಕತ್ತಿದ್ದವು. ಅವು ನಿಲ್ಲೂತನಕ ಕುಂತು ಎದ್ದು ಬಂದಳು. ಗಂಡನ ಕೂಡ ಒಂದು ವರ್ಷ ಮಾತಾಡಲಿಲ್ಲ.

ಚೀಲ ಬಿಚ್ಚಿದ ದಿನ ನಾ ಅಲ್ಲೇ ಇದ್ದೆ. ಹಗೇವಿನ ಜೋಳ ಅಂದ್ರ ಹೊಟ್ಟು, ಹುಲ್ಲು, ಕಲ್ಲಿನ ಹಳ್ಳು ಇದ್ದದ್ದ. ಬೀಜಕ್ಕ ಹಸನು ಮಾಡಾಕಂತ ನಾಕು ಮಂದಿ ಹೆಣ್ಮಕ್ಕಳು ಕಾಳು ಕೇರೋ ಮರ ಹಿಡಕೊಂಡು ಕುಂತೆವು. ಆರಿಸಾಕ ಏನೂ ಇರಲಿಲ್ರಿ. ಇಡೀ ಚೀಲದಾಗ ಒಂದು ಹಳ್ಳಿಲ್ಲ, ಒಂದು ಹುಳಕಿಲ್ಲ. ಕಾಳು ಕಾಳು ಯಾರೋ ಆರಿಸಿಟ್ಟಿದ್ದರು. ಬೇಕಂದ್ರ ಸುಳ್ಳನ್ರಿ... ಖಾಲಿ ಮರ ಝಾಡಿಸಿ ಗ್ವಾಡಿಗೆ ತೂಗಹಾಕಿದಾಕಿ ನಾನ.