ಖಾಲಿ ಕುಲುಮೆಯ ಮುಳ್ಳು

ಮಳೆಗಾಲದ ಒಂದು ಸಂಜೆ ಕರೆಂಟು ಹೋಯಿತು. ಆರುತ್ತಿದ್ದ ಕುಲುಮೆಯ ಬೆಚ್ಚನೆಯ ಗೋಡೆಗೆ ಬೆನ್ನು ಕೊಟ್ಟು ನಾವು ಕೆಲಸಗಾರರು ನಾಲ್ಕೈದು ಜನ ಕೂತಿದ್ದೆವು. ತಗಡಿನ ಮೇಲೆ ಮಳೆ ಒಂದೇ ಸಮನೆ ಬಡಿಯುತ್ತಿತ್ತು. ಹೆಚ್ಚು ಮಾತಾಡದ ಮುದುಕ ಕಾವಲುಗಾರ, ನಾವೆಲ್ಲ ತಾತ ಎನ್ನುತ್ತಿದ್ದವನು, ಮಾತ್ರ ದೂರದ ಸ್ಟೂಲಿನ ಮೇಲಿದ್ದ.

"ಹತ್ತಿರ ಬಾ ತಾತ, ಕುಲುಮೆ ಏನು ನಿನ್ನ ತಿಂದುಬಿಡುತ್ತಾ?" ಎಂದು ಯಾರೋ ಕಿಚಾಯಿಸಿದರು.

"ಅದೇ ಗೊತ್ತಿಲ್ಲಪ್ಪ," ಎಂದು ತಾತ ಶುರು ಮಾಡಿದ.

"ನಮ್ಮ ಭಾವ ಇದೇ ಕುಲುಮೆ ನೋಡ್ಕೋತಿದ್ದ, ನಾನು ಅವನ ಕೈಕೆಳಗೆ. ಲೋಹ ಕರಗೋವಾಗ ಬಿಸಿ ಅಳೆಯೋ ಮೀಟರಿನ ಮುಳ್ಳು ನಿಂತುಬಿಡುತ್ತೆ, ನೀವೂ ನೋಡಿದ್ದೀರಲ್ಲ? ಎಷ್ಟೇ ಉರಿ ಕೊಡಿ, ಕೊನೇ ಚೂರು ಕರಗೋವರೆಗೂ ಅಲ್ಲಾಡಲ್ಲ, ಆಮೇಲೇ ಏರೋದು. ಒಂದ್ಸಲ ಒಳಗೋಡೆಗೆ ಹೊಸ ಮಣ್ಣು ಮೆತ್ತಿ, ಒಣಗಲಿ ಅಂತ ಖಾಲಿ ಕುಲುಮೆ ಹೊತ್ತಿಸಿದ್ವಿ... ತಾಮ್ರ ಕರಗೋ ಜಾಗದಲ್ಲಿ ಮುಳ್ಳು ನಿಂತುಬಿಡ್ತು. ಕರಗೋಕೆ ಒಳಗೆ ಏನಿತ್ತು? ಬಗ್ಗಿ ನೋಡಿದ್ರೆ ಏನೂ ಇಲ್ಲ! ಮೀಟರು ಬದಲಾಯಿಸಿದ್ವಿ, ಒಳಗೆ ಇಳಿಬಿಡೋ ಶಾಖದ ಕಡ್ಡಿ ಬದಲಾಯಿಸಿದ್ವಿ. ಮುಂದಿನ ಸಲ ಖಾಲಿ ಹೊತ್ತಿಸಿದಾಗ ಸತು ಕರಗೋ ಹತ್ತಿರ ನಿಂತಿತು, ಅದರ ಮುಂದಿನ ಸಲ ಸೀಸದ ಹತ್ತಿರ... ಇಳೀತಾ ಇತ್ತು. 'ಈ ಕೆಲಸ ಬಿಟ್ಟುಬಿಡಿ, ಕೈ ಮುಗೀತೀನಿ' ಅಂದ್ಲು ಅಕ್ಕ. 'ಏನು ಕರಗ್ತಿದೆ ಅಂತ ತಿಳ್ಕೊಳ್ದೆ ಹೇಗೆ ಬಿಡ್ಲಿ ಹೇಳು' ಅಂತ ಭಾವ ನಕ್ಕ.

"ಒಂದು ಬೆಳಿಗ್ಗೆ, ಇನ್ನೂ ಹೊತ್ತಿಸೇ ಇರ್ಲಿಲ್ಲ, ಕೊರೆಯೋ ಚಳಿ... ಮುಳ್ಳು ತಳದ ಗೆರೆಗಿಂತ ಒಂಚೂರು ಮೇಲೆ ನಿಂತಿತ್ತು. ಭಾವ ಕಡ್ಡಿ ಹೊರಗೆಳೆದು ಮುಷ್ಟಿಯಲ್ಲಿ ಹಿಡಿದ. ಮುಳ್ಳು ಕೂದಲೆಳೆಯಷ್ಟೂ ಅಲ್ಲಾಡ್ಲಿಲ್ಲ. 'ನೋಡೋ, ಇದಕ್ಕೂ ನನ್ನ ಮೈಬಿಸಿಗೂ ಒಂದೇ ಅಳತೆ' ಅಂದ.

"ಅವತ್ತಿಂದ ಅವನ ಮೈ ಒಂದೇ ಬಿಸಿ. ಉರಿ ಮುಂದೆ ನಿಂತ್ರೂ ಬೆವರಲ್ಲ, ಮಳೇಲಿ ನೆಂದ್ರೂ ನಡುಗಲ್ಲ. ಹೊಟ್ಟೆ ತುಂಬ ಉಣ್ತಿದ್ದ, ಆದ್ರೂ ಬೆಲ್ಟಿಗೆ ತೂತಿನ ಮೇಲೆ ತೂತು ಹಾಕ್ಬೇಕಾಯ್ತು... ಅಕ್ಕ ದಿನಾ ಅವನ ಬಾಯಿಗೆ ಥರ್ಮಾಮೀಟರ್ ಇಟ್ಟು ನೋಡೋಳು. ಪಾದರಸ ಅದೇ ಗೆರೆಯಿಂದ ಕದಲ್ತಿರ್ಲಿಲ್ಲ. ಒಂದು ಗುರುವಾರ ಓಡಿ ಬಂದ್ಲು. 'ಏರ್ತಿದೆ ಕಣೋ! ಎಲ್ಲರ ಹಾಗೆ ಜ್ವರ ಬಂದಿದೆ!' ಅಂತ ಅವಳಿಗೆ ಖುಷಿ. ನಂಗೆ ಆ ಮುಳ್ಳು ನೆನಪಾಯ್ತು. ಕೊನೇ ಚೂರು ಕರಗಿದ ಮೇಲಲ್ವಾ ಏರೋದು?

"ದೆವ್ವ ಅಂತೀರೋ, ಕಾಯಿಲೆ ಅಂತೀರೋ... ನಂಗಂತೂ ಇವತ್ತಿಗೂ ತಲೆಬುಡ ತಿಳೀಲಿಲ್ಲ."

ತಾತ ಎದ್ದು ಬಂದು ನಮ್ಮ ಮುಂದೆ ಅಂಗೈ ಚಾಚಿದ. ಯಾರೂ ಕೈ ಮುಂದೆ ಮಾಡಲಿಲ್ಲ.

"ಭಾವ ಹೋಗಿದ್ದು ಆ ಗುರುವಾರವೇ. ಹೋಗೋವಾಗ ನನ್ನ ಕೈ ಹಿಡ್ಕೊಂಡಿದ್ದ, ಬಿಡಿಸ್ಕೊಳ್ಳೋಕೆ ಆಗ್ಲಿಲ್ಲ... ಮುಟ್ಟಿ ನೋಡಿ, ಹೆದರ್ಬೇಡಿ. ನಂದು ಇನ್ನೂ ಏರಿಲ್ಲ."